ಶಾಲೆಗೆ ಸೈಕಲ್ ದಾರಿ: ನಕ್ಷೆ ಅಳೆಯಲಿ, ಮನೆ ಆರಿಸಲಿ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮೇ ತಿಂಗಳು ಬಂತೆಂದರೆ ಒಂದು ಪ್ರಶ್ನೆ ಅಂಗಳಕ್ಕೆ ಬಂದು ನಿಲ್ಲುತ್ತದೆ. ಏಳನೆಯ ತರಗತಿ ಮುಗಿಸಿದ ಮಗು ಜೂನ್ ತಿಂಗಳಿನಿಂದ ಯಾವ ಶಾಲೆಗೆ ಹೋಗಬೇಕು? ಮನೆಯಿಂದ ಕೂಗಳತೆಯಲ್ಲಿ ಬೇರೆ ಮಾಧ್ಯಮದ ಶಾಲೆಯೊಂದಿರುತ್ತದೆ. ಕನ್ನಡ ಮಾಧ್ಯಮದ ಪ್ರೌಢಶಾಲೆ ನಾಲ್ಕೋ ಐದೋ ಕಿಲೋಮೀಟರ್ ಆಚೆ ಇರುತ್ತದೆ. ಬಸ್ಸಿನ ಹೊತ್ತು ಶಾಲೆಯ ಗಂಟೆಗೆ ಹೊಂದುವುದಿಲ್ಲ. ನಡೆದರೆ ಒಂದು ಗಂಟೆಗೂ ಮಿಕ್ಕಿದ ಹಾದಿ. ಜಗಲಿಯಲ್ಲಿ ಸೈಕಲ್ ಇದೆ, ಮಗುವಿಗೆ ಓಡಿಸಲೂ ಬರುತ್ತದೆ. ಆದರೆ "ಆ ಮಾರ್ಗದಲ್ಲಿ ಸೈಕಲ್ ಬೇಡವೇ ಬೇಡ" ಎಂದು ಅಮ್ಮನೋ ಅಜ್ಜಿಯೋ ಆಡಿದ ಒಂದು ಮಾತಿಗೆ ಚರ್ಚೆ ಮುಗಿಯುತ್ತದೆ. ಮಗುವಿನ ಹೆಸರು ಹತ್ತಿರದ ಶಾಲೆಯ ಹಾಜರಿ ಪುಸ್ತಕ ಸೇರುತ್ತದೆ.

ಆ ಮಾತಿನ ಹಿಂದಿರುವ ಭಯ ನಿಜವಾದುದು. ಭಾಷಾಭಿಮಾನದ ಭಾಷಣದಿಂದ ಅದನ್ನು ಕರಗಿಸಲಾಗದು. ಆದರೆ "ಆ ಮಾರ್ಗ" ಬೇಡವೆಂದಾದರೆ ಬೇರೊಂದು ಮಾರ್ಗ ಉಂಟೇ ಎಂದು ಹುಡುಕಿ ನೋಡುವ ಸಾಧನ ಇಂದು ಹೆಚ್ಚಿನ ಮನೆಗಳ ಫೋನಿನಲ್ಲಿಯೇ ಇದೆ. ನಕ್ಷೆ ತಂತ್ರಾಂಶಗಳು ಸೈಕಲ್ ಸವಾರರಿಗಾಗಿ ದಾರಿ ಗೊತ್ತುಪಡಿಸುತ್ತವೆ, ಏರು ಇಳಿತವನ್ನು ಲೆಕ್ಕ ಹಾಕುತ್ತವೆ, ಎಲ್ಲಿ ತಿರುಗಬೇಕೆಂಬ ಪಟ್ಟಿಯನ್ನೂ ಕೊಡುತ್ತವೆ. ಆ ಪಟ್ಟಿಗೆ ಸೈಕಲ್ ಸವಾರರ ಬಳಗದಲ್ಲಿ ಕ್ಯೂ ಶೀಟ್ ಎಂಬ ಹೆಸರಿದೆ. ಇಲ್ಲಿ ಅದನ್ನು ದಾರಿಚೀಟಿ ಎಂದು ಕರೆಯೋಣ. ತಂತ್ರಾಂಶ ಹೇಳಿದ್ದನ್ನು ಕಣ್ಣು ಮುಚ್ಚಿ ಒಪ್ಪದೆ, ಅದರ ಅಳತೆಯನ್ನಷ್ಟೇ ಪಡೆದು, ಆಯ್ಕೆಯನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳುವ ಮನೆಗೆ ಈ ಚೀಟಿ ಬಹಳ ಉಪಕಾರಿ.

ಯಂತ್ರ ದಾರಿ ಹುಡುಕುವ ಬಗೆ

ಭಾಷಾವಾರು ರಾಜ್ಯಗಳ ರಚನೆಯಾದ 1956ರಲ್ಲಿಯೇ ನೆದರ್ಲೆಂಡ್ಸ್ ದೇಶದ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ, ಒಂದೂರಿನಿಂದ ಇನ್ನೊಂದೂರಿಗೆ ಅತಿ ಹತ್ತಿರದ ದಾರಿಯನ್ನು ಗಣಕಯಂತ್ರ ಹೇಗೆ ಕಂಡುಹಿಡಿಯಬೇಕೆಂಬ ವಿಧಾನವನ್ನು ರೂಪಿಸಿದರು. ಆಮ್‌ಸ್ಟರ್‌ಡ್ಯಾಮಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಹೊಳೆದ ಈ ವಿಚಾರ 1959ರಲ್ಲಿ ಅಚ್ಚಾಯಿತು. ಇಂದಿನ ದಾರಿ ಹುಡುಕುವ ತಂತ್ರಾಂಶಗಳು ಬಹುಮಟ್ಟಿಗೆ ಆ ವಿಧಾನದ ಸಂತತಿಯೇ.

ಅದರ ತಿರುಳು ಸರಳವಾದುದು. ಪ್ರತಿಯೊಂದು ರಸ್ತೆಯ ತುಂಡಿಗೂ ಒಂದು ಬೆಲೆ ಕಟ್ಟಲಾಗುತ್ತದೆ. ಎಲ್ಲ ತುಂಡುಗಳ ಬೆಲೆ ಕೂಡಿಸಿದಾಗ ಯಾವ ದಾರಿಯ ಮೊತ್ತ ಅತಿ ಕಡಿಮೆಯೋ ಅದನ್ನು ಯಂತ್ರ ತೋರಿಸುತ್ತದೆ. ಬೆಲೆ ಕಟ್ಟುವ ಕ್ರಮ ಮಾತ್ರ ವಾಹನದಿಂದ ವಾಹನಕ್ಕೆ ಬೇರೆ. ಕಾರಿನ ಲೆಕ್ಕದಲ್ಲಿ ಅಗಲವಾದ ಹೆದ್ದಾರಿ ಅಗ್ಗ, ತೋಟದ ನಡುವಣ ಕಿರುದಾರಿ ದುಬಾರಿ. ಸೈಕಲಿನ ಲೆಕ್ಕದಲ್ಲಿ ಹೆದ್ದಾರಿ ದುಬಾರಿಯಾಗಬೇಕು, ಸಂಚಾರ ಕಡಿಮೆಯಿರುವ ಒಳದಾರಿ ಅಗ್ಗವಾಗಬೇಕು. ಆದುದರಿಂದ ದಾರಿ ಕೇಳುವ ಮೊದಲು ಯಾವ ವಾಹನದ ಲೆಕ್ಕ ಕೇಳುತ್ತಿದ್ದೇವೆಂದು ನೋಡಿಕೊಳ್ಳಬೇಕು. ಗೂಗಲ್ ಮ್ಯಾಪ್ಸ್ 2017ರ ಡಿಸೆಂಬರಿನಲ್ಲಿ ಭಾರತದಲ್ಲಿ ಆರಂಭಿಸಿದ ದ್ವಿಚಕ್ರ ವಾಹನದ ಆಯ್ಕೆಯನ್ನು ಹಲವರು ಸೈಕಲಿಗೂ ಸರಿಯೆಂದು ಭಾವಿಸುತ್ತಾರೆ. ಅದು ಬೈಕು, ಸ್ಕೂಟರುಗಳ ಲೆಕ್ಕ. ಎಂಜಿನ್ ಏರನ್ನು ಗಮನಿಸುವುದಿಲ್ಲ. ಹದಿಮೂರು ವರ್ಷದ ಮಗುವಿನ ಕಾಲು ಗಮನಿಸುತ್ತದೆ.

ಸೈಕಲಿಗೆ ತಕ್ಕ ನಕ್ಷೆ

ಸೈಕಲ್ ಸವಾರರು ಹೆಚ್ಚಾಗಿ ನೆಚ್ಚುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ ಈ ನಕ್ಷೆಯನ್ನು ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಅದರ ಮೇಲೆ ಸೈಕ್ಲೋಎಸ್ಎಮ್ ಎಂಬ ಪದರವನ್ನು ಆರಿಸಿಕೊಂಡರೆ ಸೈಕಲಿಗೆ ಬೇಕಾದ ವಿವರಗಳು ಎದ್ದು ಕಾಣುತ್ತವೆ. ಅದೇ ಮಾಹಿತಿಯನ್ನು ಆಧರಿಸಿದ ಬಿರೌಟರ್ ಎಂಬ ತಂತ್ರಾಂಶ ಸೈಕಲ್ ದಾರಿಗಾಗಿಯೇ ಹುಟ್ಟಿದುದು. ಅದನ್ನು ಫೋನಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ತೆರೆದು, ಮನೆಯ ಮೇಲೆ ಒಂದು ಚುಕ್ಕಿ, ಶಾಲೆಯ ಮೇಲೆ ಇನ್ನೊಂದು ಚುಕ್ಕಿ ಇಟ್ಟರೆ ದಾರಿ ಮೂಡುತ್ತದೆ. ಕೆಳಗೆ ಏರಿಳಿತದ ಗೆರೆಯೂ ಮೂಡುತ್ತದೆ.

ಮೊದಲು ಮೂಡಿದ ದಾರಿಗೆ ನಿಲ್ಲಬಾರದು. ಗೆರೆಯನ್ನು ಬೆರಳಿನಿಂದ ಎಳೆದು ಬೇರೆ ಒಳದಾರಿಯ ಮೇಲೆ ಇಟ್ಟರೆ ತಂತ್ರಾಂಶ ಹೊಸದಾಗಿ ಲೆಕ್ಕ ಹಾಕುತ್ತದೆ. ಮಗು ಹೋಗಲೇಬಾರದೆಂದು ಮನೆಯವರು ಬಲ್ಲ ಜಾಗಗಳ ಸುತ್ತ, ಅಂದರೆ ಲಾರಿಗಳು ತಿರುಗುವ ಕಲ್ಲಿನ ಕೋರೆಯ ಬಾಯಿ, ಬದಿಯಿಲ್ಲದ ಕಡಿದಾದ ತಿರುವು, ಬೀದಿನಾಯಿಗಳ ಹಿಂಡಿರುವ ಮೂಲೆ ಮುಂತಾದುವುಗಳ ಸುತ್ತ, ವರ್ತುಲವೊಂದನ್ನು ಎಳೆದು ನಿಷೇಧಿಸಬಹುದು. ಆಮೇಲೆ ಯಂತ್ರ ಅತ್ತ ಸುಳಿಯುವುದಿಲ್ಲ. ಹೀಗೆ ಎರಡು ಮೂರು ದಾರಿಗಳನ್ನು ಎಳೆದು, ಪ್ರತಿಯೊಂದರ ದೂರ, ಒಟ್ಟು ಏರು, ದೊಡ್ಡ ಮಾರ್ಗವನ್ನು ದಾಟುವ ಸಲಗಳು ಎಂಬ ಮೂರು ಅಂಕಿಗಳನ್ನು ಕಾಗದದಲ್ಲಿ ಬರೆದುಕೊಂಡರೆ ಹೋಲಿಕೆ ಸುಲಭ.

ಇಲ್ಲಿ ಹಿರಿಯರು ನೆನಪಿಡಬೇಕಾದ ಲೆಕ್ಕವೊಂದಿದೆ. ಸಮತಟ್ಟಾದ ದಾರಿಯಲ್ಲಿ ಮಗು ಗಂಟೆಗೆ 12 ಕಿಲೋಮೀಟರಿನಂತೆ ಆರಾಮವಾಗಿ ಸಾಗಿದರೆ, ಒಂದು ಕಿಲೋಮೀಟರ್ ಸುತ್ತು ಹಾಕುವುದಕ್ಕೆ ತಗಲುವ ಹೆಚ್ಚುವರಿ ಹೊತ್ತು ಕೇವಲ 5 ನಿಮಿಷ. ದೊಡ್ಡ ಮಾರ್ಗದ ಒಂದು ದಾಟುವಿಕೆಯನ್ನು 5 ನಿಮಿಷ ಕೊಟ್ಟು ತಪ್ಪಿಸಿಕೊಳ್ಳಬಹುದಾದರೆ ಅದು ನಷ್ಟದ ವ್ಯವಹಾರವಲ್ಲ.

ನಕ್ಷೆಯ ವಯಸ್ಸನ್ನೂ ಗಮನಿಸಬೇಕು. ರಾಷ್ಟ್ರೀಯ ಹೆದ್ದಾರಿ 66 ತಲಪಾಡಿಯಿಂದ ಚೆಂಗಳದವರೆಗೆ ಸುಮಾರು 39 ಕಿಲೋಮೀಟರ್ ಉದ್ದಕ್ಕೆ ಆರು ಪಥಗಳಾಗಿ ಅಗಲವಾಗಿದೆ. ಹೊಸಂಗಡಿ, ಉಪ್ಪಳ, ಕುಂಬಳೆ ಮುಂತಾದ ಪೇಟೆಗಳ ಜನ ಹಿಂದೆ ಅನುಕೂಲವಾದಲ್ಲಿ ದಾಟುತ್ತಿದ್ದ ಮಾರ್ಗವನ್ನು ಈಗ ಅಂಡರ್‌ಪಾಸ್ ಅಥವಾ ಮೇಲ್ಸೇತುವೆ ಇರುವಲ್ಲಿಯೇ ದಾಟಬೇಕು. ಸೈಕಲಿನ ಜಾಗ ಬದಿಯ ಸರ್ವೀಸ್ ರಸ್ತೆ. ಹಳೆಯ ಮಾಹಿತಿಯ ನಕ್ಷೆ ಇದನ್ನೆಲ್ಲ ಅರಿಯದೆ ಹೆದ್ದಾರಿಯ ಮೇಲೆ ನೇರವಾಗಿ ಗೆರೆ ಎಳೆದುಬಿಡಬಹುದು. ಯಂತ್ರದ ಗೆರೆ ಹೆದ್ದಾರಿಯನ್ನೋ ರೈಲು ಹಳಿಯನ್ನೋ ಮುಟ್ಟುವ ಪ್ರತಿಯೊಂದು ಬಿಂದುವನ್ನೂ ಹಿರಿಯರೊಬ್ಬರು ಸ್ವತಃ ಹೋಗಿ ನೋಡಿ ಬರಬೇಕು. ತೋಟದ ನಡುವಿನ ಕಾಲುದಾರಿಯನ್ನು ನಕ್ಷೆ ತೋರಿಸಿದರೂ ಅದು ಖಾಸಗಿ ಜಾಗವಾಗಿರಬಹುದು. ಒಡೆಯರನ್ನು ಕೇಳಿಕೊಂಡೇ ಬಳಸುವುದು ಮರ್ಯಾದೆ.

ಊರ ಹೆಸರಿನಲ್ಲಿರುವ ಏರು ಇಳಿತ

ಕಾಸರಗೋಡು ಸಮತಟ್ಟಾದ ನೆಲವಲ್ಲ. ಮುರಕಲ್ಲಿನ ಗುಡ್ಡೆ, ಅದರ ತಲೆಯ ಮೇಲೆ ಬಯಲು, ಎರಡು ಗುಡ್ಡೆಗಳ ನಡುವೆ ಗದ್ದೆ ಮತ್ತು ಅಡಿಕೆ ತೋಟ, ಅದರ ಅಂಚಿನಲ್ಲಿ ತೋಡು. ಹೀಗೆ ಏರುತ್ತ ಇಳಿಯುತ್ತ ಹೋಗುವ ನೆಲದಲ್ಲಿ ದೂರಕ್ಕಿಂತ ಏರೇ ಸೈಕಲಿನ ನಿಜವಾದ ಅಳತೆ.

ನಕ್ಷೆ ತಂತ್ರಾಂಶಗಳಿಗೆ ಈ ಏರು ಹೇಗೆ ಗೊತ್ತು? 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ 11 ದಿನಗಳ ಪ್ರಯಾಣದಲ್ಲಿ ರೇಡಾರಿನಿಂದ ಭೂಮಿಯ ಬಹುಭಾಗದ ಎತ್ತರವನ್ನು ಅಳೆಯಿತು. ಸುಮಾರು 30 ಮೀಟರಿಗೊಂದು ಬಿಂದುವಿನಂತೆ ದೊರೆತ ಆ ಅಂಕಿಗಳು ಉಚಿತವಾಗಿ ಲಭ್ಯವಿವೆ, ಹಲವು ಸೈಕಲ್ ತಂತ್ರಾಂಶಗಳು ಅವನ್ನೇ ಬಳಸುತ್ತವೆ. ಆದರೆ ಆ ರೇಡಾರ್ ದಟ್ಟವಾದ ಮರಗಳಿರುವಲ್ಲಿ ನೆಲವನ್ನು ಪೂರ್ತಿಯಾಗಿ ಕಾಣದೆ ಎಲೆಗಳ ಮೇಲ್ಪದರದ ಕಡೆಗೆ ವಾಲುತ್ತದೆ. ಆದುದರಿಂದ ಮರಗಳು ಒತ್ತಾಗಿರುವಲ್ಲಿ ಇಲ್ಲದ ಏರು ಮೂಡಬಹುದು. ಸೇತುವೆಯ ಮೇಲೆ ಹೋಗುವಾಗ ಕೆಳಗಿನ ಹೊಳೆಯ ಎತ್ತರವನ್ನು ಹಿಡಿದು ಇಲ್ಲದ ಇಳಿತವನ್ನು ತೋರಿಸುವುದೂ ಉಂಟು. ಗೆರೆಯಲ್ಲಿ ಥಟ್ಟನೆ ಮುಳ್ಳಿನಂತೆ ಎದ್ದ ಏರು ಕಂಡರೆ ಅದನ್ನು ಪರೀಕ್ಷಿಸಿಯೇ ನಂಬಬೇಕು.

ಪರೀಕ್ಷಿಸುವ ಇನ್ನೊಂದು ಸಾಧನ ಊರ ಹೆಸರೇ ಆಗಿದೆ. ಹಿಂದಿನವರು ನೆಲವನ್ನು ನೋಡಿ ಹೆಸರಿಟ್ಟರು. ಅಡ್ಕ ಎಂದರೆ ಸಾಗುವಳಿಯಿಲ್ಲದ, ಹೆಚ್ಚಾಗಿ ಮುರಕಲ್ಲಿನ, ಬಯಲು ಜಾಗ: ಬದಿಯಡ್ಕ, ಧರ್ಮತ್ತಡ್ಕ, ಉಕ್ಕಿನಡ್ಕ, ಪಳ್ಳತ್ತಡ್ಕ. ಪದವು ಎಂದರೆ ಗುಡ್ಡೆಯ ಮೇಲಿನ ವಿಶಾಲವಾದ ಸಮತಟ್ಟು: ಮೀಯಪದವಿನಂತೆ. ಬೈಲು ಎಂದರೆ ತಗ್ಗಿನ ಗದ್ದೆಯ ಸಾಲು. ಕಟ್ಟ ಎಂದರೆ ತೋಡಿಗೆ ಅಡ್ಡ ಹಾಕಿದ ಒಡ್ಡು; ಸಂಕ ಎಂದರೆ ಅದನ್ನು ದಾಟುವ ಕಿರುಸೇತುವೆ; ಕಡವು ಎಂದರೆ ಹೊಳೆ ದಾಟುವ ಜಾಗ. ಬೈಲಿನಿಂದ ಹೊರಟು ಪದವನ್ನು ಮುಟ್ಟುವ ದಾರಿಯೆಂದರೆ ಅದರಲ್ಲಿ ಏರು ಇದ್ದೇ ಇದೆ ಎಂದು ಸೈಕಲ್ ತುಳಿಯುವ ಮೊದಲೇ ಹೆಸರು ಹೇಳುತ್ತದೆ. ದಾರಿಯಲ್ಲಿ ಕಟ್ಟವೋ ಸಂಕವೋ ಇದೆಯೆಂದರೆ ಜೂನ್ ತಿಂಗಳಲ್ಲಿ ಅಲ್ಲಿ ನೀರು ಏರುತ್ತದೆಯೇ ಎಂದು ಕೇಳಬೇಕೆಂಬ ಎಚ್ಚರಿಕೆಯನ್ನೂ ಹೆಸರೇ ಕೊಡುತ್ತದೆ. ಈ ಮಾತುಗಳ ಅರ್ಥ ತಿಳಿದ ಅಜ್ಜ ಅಜ್ಜಿಯರು ಮನೆಯಲ್ಲಿರುವಾಗ ಮೊಮ್ಮಗುವಿನ ದಾರಿಯ ಯೋಜನೆಯಲ್ಲಿ ಅವರನ್ನು ಹೊರಗಿಡುವುದು ತಪ್ಪು.

ಏರಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಬೈಲಿನಿಂದ ಪದವಿಗೆ 60 ಮೀಟರ್ ಎತ್ತರ ಏರಬೇಕಾಗಿದೆ ಎಂದಿಟ್ಟುಕೊಳ್ಳಿ. ನೇರವಾದ ದಾರಿ 600 ಮೀಟರ್ ಉದ್ದವಿದ್ದರೆ ಅದು ನೂರಕ್ಕೆ 10ರ ಏರು. ಗೇರಿಲ್ಲದ ಸೈಕಲಿನಲ್ಲಿ, ಬೆನ್ನಿಗೆ ಪುಸ್ತಕದ ಚೀಲ ಹೊತ್ತ ಮಗು ಅಲ್ಲಿ ಇಳಿದು ತಳ್ಳಲೇಬೇಕು. ನಡಿಗೆಯ ವೇಗ ಗಂಟೆಗೆ 4 ಕಿಲೋಮೀಟರ್ ಎಂದರೆ 9 ನಿಮಿಷ ಬೇಕು. ಗುಡ್ಡೆಯನ್ನು ಬಳಸಿ ಹೋಗುವ ದಾರಿ 1,500 ಮೀಟರ್ ಉದ್ದವಿದ್ದರೆ ಅದು ನೂರಕ್ಕೆ 4ರ ಏರು. ಅದನ್ನು ತುಳಿದೇ ಏರಬಹುದು. ಗಂಟೆಗೆ 10 ಕಿಲೋಮೀಟರಿನಂತೆ ಸಾಗಿದರೆ ಅದಕ್ಕೂ 9 ನಿಮಿಷ. ಹೊತ್ತು ಎರಡರಲ್ಲೂ ಸಮ. ಆದರೆ ಸಂಜೆ ಮರಳುವಾಗ ಕಡಿದಾದ ದಾರಿ ಅಪಾಯದ ಇಳಿಜಾರಾಗುತ್ತದೆ. ಮಳೆಗೆ ನೆನೆದ ಚಕ್ರದ ಅಂಚಿನ ಮೇಲೆ ಬ್ರೇಕಿನ ರಬ್ಬರ್ ಒಣ ದಿನದಂತೆ ಹಿಡಿಯುವುದಿಲ್ಲ. ಹೀಗಾಗಿ ನಕ್ಷೆಯಲ್ಲಿ ಉದ್ದವಾಗಿ ಕಂಡ ದಾರಿಯೇ ಉತ್ತಮ.

ದಾರಿಚೀಟಿ ಬರೆಯುವ ಕ್ರಮ

ದಾರಿ ಗೊತ್ತಾದ ಮೇಲೆ ಅದನ್ನು ಕಾಗದಕ್ಕೆ ಇಳಿಸಬೇಕು. ಈ ಪದ್ಧತಿ ದೂರದ ಸೈಕಲ್ ಯಾತ್ರೆಗಳಿಂದ ಬಂದುದು. ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ ಯಾತ್ರೆ 1891ರಲ್ಲಿ ಪಂದ್ಯವಾಗಿ ಆರಂಭವಾಯಿತು. ಇಂದು ಹವ್ಯಾಸಿಗಳು ನಾಲ್ಕು ವರ್ಷಗಳಿಗೊಮ್ಮೆ ಸುಮಾರು 1,200 ಕಿಲೋಮೀಟರ್ ದೂರವನ್ನು 90 ಗಂಟೆಗಳೊಳಗೆ ಮುಗಿಸುತ್ತಾರೆ. ಅದೇ ಸಂಪ್ರದಾಯದ 200 ಕಿಲೋಮೀಟರ್ ಯಾತ್ರೆಗಳು ಭಾರತದಲ್ಲೂ ನಡೆಯುತ್ತವೆ. ಅವಕ್ಕೆ ಹದಿಮೂರೂವರೆ ಗಂಟೆಯ ಮಿತಿ. ಅಪರಿಚಿತ ದಾರಿಯಲ್ಲಿ ಹಗಲು ರಾತ್ರಿ ಸಾಗುವ ಸವಾರರು ತಿರುವುಗಳ ಪಟ್ಟಿಯನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಹ್ಯಾಂಡಲಿಗೆ ಕಟ್ಟಿಕೊಳ್ಳುವ ವಾಡಿಕೆಯಿಟ್ಟುಕೊಂಡರು. ಕಾಗದಕ್ಕೆ ಚಾರ್ಜ್ ಬೇಡ, ಸಿಗ್ನಲ್ ಬೇಡ, ಕೆಳಗೆ ಬಿದ್ದರೆ ಒಡೆಯುವ ಭಯವಿಲ್ಲ. ಶಾಲೆಗೆ ಫೋನು ಒಯ್ಯಬಾರದ ಮಗುವಿಗೆ ಇದಕ್ಕಿಂತ ತಕ್ಕ ಸಾಧನ ಇನ್ನೊಂದಿಲ್ಲ.

ರೈಡ್ ವಿತ್ ಜಿಪಿಎಸ್ ಎಂಬ ತಂತ್ರಾಂಶ ದಾರಿ ಎಳೆಯುತ್ತಿದ್ದಂತೆಯೇ ತಿರುವುಗಳ ಪಟ್ಟಿಯನ್ನೂ ಸಿದ್ಧಪಡಿಸುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪಿನ ತಾಣದಲ್ಲಿಯೂ ದಾರಿ ಕೇಳಿದರೆ ತಿರುವುಗಳು, ನಡುವಣ ದೂರಗಳು ಸಾಲಾಗಿ ಬರುತ್ತವೆ. ಆದರೆ ಆ ಪಟ್ಟಿಯನ್ನು ಹಾಗೆಯೇ ಮಗುವಿನ ಕೈಗೆ ಕೊಡಲಾಗದು. "ಹೆಸರಿಲ್ಲದ ರಸ್ತೆಯಲ್ಲಿ ಎಡಕ್ಕೆ ತಿರುಗಿ, 380 ಮೀಟರ್ ಸಾಗಿ" ಎಂಬಂತಹ ಸೂಚನೆಯಿಂದ ಮಗುವಿಗೆ ಏನೂ ತಿಳಿಯದು. ಊರಿನ ಒಳದಾರಿಗಳಿಗೆ ಫಲಕವಿಲ್ಲ; ಮಗುವಿನ ಸೈಕಲಿನಲ್ಲಿ ಮೀಟರ್ ಅಳೆಯುವ ಯಂತ್ರವೂ ಇಲ್ಲ. ಅಳತೆ ಹಿರಿಯರಿಗೆ, ಗುರುತು ಮಗುವಿಗೆ. ಆದುದರಿಂದ ಪ್ರತಿಯೊಂದು ತಿರುವಿನಲ್ಲೂ ಮಗುವಿನ ಕಣ್ಣಿಗೆ ಬೀಳುವ, ಮಳೆಗಾಲದಲ್ಲೂ ಬದಲಾಗದ ಗುರುತೊಂದನ್ನು ಮನೆಯ ಮಾತಿನಲ್ಲಿಯೇ ಬರೆಯಬೇಕು. ಗೋಡೆಯ ಬಣ್ಣ, ಅಂಗಡಿಯ ಜಾಹೀರಾತು ನಾಳೆ ಬದಲಾಗಬಹುದು. ಅಶ್ವತ್ಥಕಟ್ಟೆ, ಭಜನಾ ಮಂದಿರ, ಮಸೀದಿ, ಹಾಲಿನ ಸೊಸೈಟಿ ಸುಲಭವಾಗಿ ಬದಲಾಗುವಂಥವಲ್ಲ.

ಬೈಲಿನ ಮನೆಯೊಂದರಿಂದ ಪದವಿನ ಮೇಲಿನ ಶಾಲೆಗೆ ಬರೆದ ಚೀಟಿ ಹೇಗಿರಬಹುದೆಂಬುದಕ್ಕೆ ಕಲ್ಪಿತ ಮಾದರಿಯೊಂದು ಇಲ್ಲಿದೆ. ಮೊದಲ ಅಂಕಿ ಮನೆಯಿಂದ ಕಿಲೋಮೀಟರುಗಳಲ್ಲಿ ದೂರ.

0.0 – ಮನೆಯ ಗೇಟು. ಎಡಕ್ಕೆ.
0.4 – ಅಶ್ವತ್ಥಕಟ್ಟೆ. ನೇರ.
0.9 – ಸಂಕ. ಇಳಿದು, ತಳ್ಳಿಕೊಂಡು ದಾಟುವುದು. ನೀರು ಏರಿದ್ದರೆ ಮಳೆಚೀಟಿಯ ದಾರಿ.
1.7 – ಹಾಲಿನ ಸೊಸೈಟಿ. ನಿಂತು ಎರಡೂ ಕಡೆ ನೋಡಿ ಬಲಕ್ಕೆ.
2.0 – ಏರು ಆರಂಭ. ನಿಧಾನ.
3.5 – ನೀರಿನ ಟ್ಯಾಂಕಿ. ಏರು ಮುಗಿಯಿತು. ಎಡಕ್ಕೆ.
4.2 – ದೊಡ್ಡ ಮಾರ್ಗ. ಇಳಿದು ದಾಟುವುದು, ಸೈಕಲ್ ಮೇಲೆ ಕುಳಿತು ದಾಟಕೂಡದು.
4.6 – ಶಾಲೆ.

ಎಂಟೇ ಸಾಲು. ಏರಿನ ಒಂದೂವರೆ ಕಿಲೋಮೀಟರಿಗೆ 9 ನಿಮಿಷ, ಉಳಿದ 3.1 ಕಿಲೋಮೀಟರಿಗೆ ಸುಮಾರು 16 ನಿಮಿಷ, ನಿಂತು ದಾಟುವುದಕ್ಕೆ 5 ನಿಮಿಷ. ಒಟ್ಟು ಅರ್ಧ ಗಂಟೆ. ಅಕ್ಷರ ದೊಡ್ಡದಾಗಿರಲಿ. ಎಡ, ಬಲ ಎಂಬ ಪದಗಳ ಪಕ್ಕದಲ್ಲಿ ಬಾಣದ ಗುರುತಿರಲಿ. ಅಪಾಯದ ಸಾಲಿಗೆ ಕೆಂಪು ಶಾಯಿ ಇರಲಿ.

ಮರಳುವ ದಾರಿಗೆ ಬೇರೆ ಚೀಟಿ ಬರೆಯಬೇಕು. ಅದೇ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಸಾಲದು. ಎಡಗಳೆಲ್ಲ ಬಲಗಳಾಗುತ್ತವೆ, ಏರು ಇಳಿಜಾರಾಗುತ್ತದೆ. ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಎಡಕ್ಕೆ ತಿರುಗುವವನು ಯಾರಿಗೂ ಅಡ್ಡ ಬರುವುದಿಲ್ಲ. ಬಲಕ್ಕೆ ತಿರುಗುವವನು ಎದುರಿನಿಂದ ಬರುವ ವಾಹನಗಳ ಸಾಲನ್ನು ಅಡ್ಡ ಕಡಿಯಬೇಕು. ಮೇಲಿನ ಮಾದರಿಯಲ್ಲಿ ಬೆಳಿಗ್ಗೆ ನೀರಿನ ಟ್ಯಾಂಕಿಯ ಬಳಿ ಸುಲಭವಾದ ಎಡ ತಿರುವು. ಸಂಜೆ ಅಲ್ಲಿಯೇ ಬಲ ತಿರುವು, ಅದು ಮುಗಿದೊಡನೆ ಒಂದೂವರೆ ಕಿಲೋಮೀಟರಿನ ಇಳಿಜಾರು. ಶಾಲೆ ಬಿಟ್ಟ ಸಂತಸದಲ್ಲಿರುವ ಮಗುವಿಗೆ ಎರಡೂ ಒಟ್ಟಿಗೆ ಎದುರಾಗುತ್ತವೆ. ಬೆಳಿಗ್ಗೆಯ ಚೀಟಿಯಲ್ಲಿ ಈ ಅಪಾಯ ಕಾಣಿಸುವುದೇ ಇಲ್ಲ. ಬೇಕಾದರೆ ಸಂಜೆಗೆ ಬೇರೆ ದಾರಿಯನ್ನೇ ಆರಿಸಬಹುದು.

ಮಗುವಿನ ದಾರಿಯನ್ನು ತಂತ್ರಾಂಶದಲ್ಲಿ ಉಳಿಸಿಡುವಾಗ ಖಾಸಗಿ ಎಂಬ ಆಯ್ಕೆಯನ್ನು ಒತ್ತಲು ಮರೆಯಬಾರದು. ಮಗು ಯಾವ ಮನೆಯಿಂದ ಎಲ್ಲಿಗೆ ಹೋಗುತ್ತದೆಂಬುದು ಲೋಕಕ್ಕೆಲ್ಲ ಕಾಣಬೇಕಾದ ವಿಷಯವಲ್ಲ. ಚೀಟಿಯ ಹಿಂಬದಿಯಲ್ಲಿ ಮನೆಯ ಮತ್ತು ಶಾಲೆಯ ದೂರವಾಣಿ ಸಂಖ್ಯೆಗಳಿದ್ದರೆ ಸಾಕು.

ಭಾನುವಾರದ ಪರೀಕ್ಷೆ, ಮಳೆಯ ಪರೀಕ್ಷೆ

ಚೀಟಿ ಸಿದ್ಧವಾದ ಮೇಲೆ ಮೊದಲ ಭಾನುವಾರ ಹಿರಿಯರೊಬ್ಬರು ಮಗುವಿನ ಹಿಂದೆ ಸೈಕಲಿನಲ್ಲಿ ಹೋಗಬೇಕು. ಮುಂದೆ ಹೋಗಬಾರದು, ಚೀಟಿಯನ್ನು ಓದಿ ದಾರಿ ಹಿಡಿಯಬೇಕಾದುದು ಮಗು. ಮಗು ತಡವರಿಸಿದ ಕಡೆ ತಪ್ಪು ಮಗುವಿನದಲ್ಲ, ಚೀಟಿಯದು. ಆ ಸಾಲನ್ನು ತಿದ್ದಬೇಕು. ಎರಡನೆಯ ಪರೀಕ್ಷೆ ಶಾಲೆ ನಡೆಯುವ ದಿನದ ಬೆಳಿಗ್ಗೆ ಆಗಬೇಕು. ಭಾನುವಾರ ಬರಿದಾಗಿರುವ ಮಾರ್ಗದಲ್ಲಿ ಸೋಮವಾರ ಎಂಟೂವರೆಗೆ ಶಾಲಾ ಬಸ್ಸು, ಜೀಪು, ಕಲ್ಲಿನ ಲಾರಿ ಒಟ್ಟಿಗೆ ಬರುತ್ತವೆ.

ಮೂರನೆಯದು ಮಳೆಯ ಪರೀಕ್ಷೆ. ಇಲ್ಲಿ ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಮೇ ತಿಂಗಳ ಒಣ ನೆಲದಲ್ಲಿ ಹಿತವಾಗಿದ್ದ ಮಣ್ಣಿನ ದಾರಿ ಜೂನ್ ಎರಡನೆಯ ವಾರ ಕೆಸರು. ಮುರಕಲ್ಲಿನ ಮೇಲೆ ಪಾಚಿ. ಸಂಕದ ಮೇಲೆ ನೀರು. ದಾರಿ ಡಾಮರಿನದೋ ಮಣ್ಣಿನದೋ ಎಂದು ನಕ್ಷೆಯಲ್ಲಿ ಯಾರಾದರೂ ಗುರುತಿಸಿದ್ದರಷ್ಟೇ ತಂತ್ರಾಂಶಕ್ಕೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಅದು ಊಹಿಸುತ್ತದೆ. ಆದುದರಿಂದ ತೋಡನ್ನು ದೊಡ್ಡ ಸೇತುವೆಯಲ್ಲಿ ದಾಟುವ, ಡಾಮರು ಇರುವ, ತುಸು ಉದ್ದವಾದರೂ ಸರಿಯೆನ್ನುವ ಎರಡನೆಯ ದಾರಿಯೊಂದನ್ನು ಮಳೆಚೀಟಿಯಾಗಿ ಮೊದಲೇ ಬರೆದಿಡಬೇಕು. ತೋಡು ತುಂಬಿ ಹರಿಯುವ ದಿನ ಸಂಕದ ಎದುರು ನಿಂತ ಮಗು "ಇನ್ನೇನು ಮಾಡಲಿ" ಎಂದು ಯೋಚಿಸುವ ಸಂದರ್ಭವೇ ಬರಬಾರದು. ಭಾರೀ ಮಳೆ ಗಾಳಿಯ ದಿನ ಸೈಕಲ್ ಇಲ್ಲ ಎಂಬುದೂ ಚೀಟಿಯ ಒಂದು ಸಾಲಾಗಿರಲಿ.

ಚೀಟಿ ಅರ್ಜಿಯೂ ಆಗಬಹುದು

ಎಲ್ಲ ಲೆಕ್ಕ ಹಾಕಿದ ಮೇಲೂ ಸುರಕ್ಷಿತವಾದ ದಾರಿಯೊಂದೂ ಸಿಗದಿರಬಹುದು. ಆಗಲೂ ಶ್ರಮ ವ್ಯರ್ಥವಲ್ಲ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಅದು 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ವಿಧಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಕೇಂದ್ರವು 2010ರಲ್ಲಿ ರೂಪಿಸಿದ ಮಾದರಿ ನಿಯಮಗಳು ಒಂದರಿಂದ ಐದನೆಯ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟನೆಯ ತರಗತಿಗೆ 3 ಕಿಲೋಮೀಟರ್ ನಡಿಗೆಯ ದೂರದಲ್ಲಿ ಶಾಲೆಯಿರಬೇಕೆಂದು ಹೇಳುತ್ತವೆ. ಆ ಶಾಲೆ ಇಂಥದೇ ಮಾಧ್ಯಮದ್ದಾಗಿರಬೇಕೆಂದು ದೂರದ ನಿಯಮ ಹೇಳುವುದಿಲ್ಲ. ಗಡಿನಾಡಿನ ಮನೆಗಳ ಕಷ್ಟದ ಬೇರು ಅಲ್ಲಿಯೇ ಇದೆ. ಆದರೂ ಎರಡು ಮಾತುಗಳು ಗಮನಾರ್ಹ. ಒಂದು, ನಿಯಮದ ಮಾತು ನಡಿಗೆಯ ದೂರ. ಹಕ್ಕಿ ಹಾರುವ ದೂರವಲ್ಲ. ಹೊಳೆಯಾಚೆಗಿನ ಶಾಲೆ ಗೆರೆ ಎಳೆದರೆ 700 ಮೀಟರ್ ಇದ್ದರೂ ಸೇತುವೆ ಬಳಸಿ ಹೋದರೆ 4 ಕಿಲೋಮೀಟರ್ ಆದೀತು. ನಕ್ಷೆ ತಂತ್ರಾಂಶ ತೋರಿಸುವುದು ಈ ಎರಡನೆಯ ದೂರವನ್ನು. ಎರಡು, ದುರ್ಗಮ ನೆಲ, ಭೂಕುಸಿತ, ನೆರೆ, ರಸ್ತೆಯ ಕೊರತೆ ಮುಂತಾಗಿ ಮನೆಯಿಂದ ಶಾಲೆಗೆ ಹೋಗುವ ಹಾದಿಯಲ್ಲಿ ಮಕ್ಕಳಿಗೆ ಅಪಾಯವಿರುವ ಕಡೆ ಆ ಅಪಾಯ ತಪ್ಪುವಂತೆ ಶಾಲೆಯ ಜಾಗವನ್ನು ಗೊತ್ತುಪಡಿಸಬೇಕೆಂದೂ ಮಾದರಿ ನಿಯಮಗಳಲ್ಲಿದೆ.

"ಮಾರ್ಗ ಸರಿಯಿಲ್ಲ, ಕ್ರಮ ಕೈಗೊಳ್ಳಿ" ಎಂಬ ಅರ್ಜಿಗೆ ಕಚೇರಿಯಲ್ಲಿ ಉತ್ತರ ಹೇಳುವುದು ಸುಲಭ. "ಮನೆಗಳ ಗುಂಪಿನಿಂದ 0.9 ಕಿಲೋಮೀಟರಿನಲ್ಲಿರುವ ಸಂಕಕ್ಕೆ ಕೈಗಂಬಿಯಿಲ್ಲ. ಬದಲಿ ದಾರಿ 2.8 ಕಿಲೋಮೀಟರ್ ಹೆಚ್ಚು, ದಿನವೂ ಇಷ್ಟು ಮಕ್ಕಳು ಇಲ್ಲಿ ದಾಟುತ್ತಾರೆ" ಎಂದು ನಕ್ಷೆ, ಏರಿನ ಗೆರೆ, ದಾರಿಚೀಟಿ ಲಗತ್ತಿಸಿದ ಅರ್ಜಿಯನ್ನು ಹಾಗೆ ಬದಿಗಿಡುವುದು ಕಷ್ಟ. ಕೇರಳದಲ್ಲಿ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಈ ಕಾಗದಗಳನ್ನು ಮಂಡಿಸಬಹುದು. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ, ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು ಅವಕಾಶ ಕೊಟ್ಟಿದೆ. ಕೈಗಂಬಿ, ದಾರಿದೀಪ, ಶಾಲಾ ವಲಯದ ಫಲಕ, ಬದಿಯ ಪೊದೆ ಕಡಿಸುವುದು, ಇವು ದೊಡ್ಡ ಬೇಡಿಕೆಗಳಲ್ಲ. ಅಂಕಿಯೊಡನೆ ಕೇಳಿದರೆ ದೊರೆಯುವ ಸಂಭವ ಹೆಚ್ಚು.

ನಕ್ಷೆಗೂ ಮನೆಯವರು ಕೊಡಬಹುದಾದ ಒಂದು ಕೊಡುಗೆಯಿದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದೇ ಜಾಗಕ್ಕೆ ಮಲಯಾಳ, ಕನ್ನಡ, ಇಂಗ್ಲಿಷ್ ಹೆಸರುಗಳನ್ನು ಬೇರೆ ಬೇರೆ ಸಾಲುಗಳಲ್ಲಿ ದಾಖಲಿಸಲು ಅವಕಾಶವಿದೆ. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಾಗಿಲ್ಲ. ಊರವರು ನಿಜವಾಗಿ ಕರೆಯುವ ಹೆಸರನ್ನು, ಬೇರೆ ನಕ್ಷೆಗಳಿಂದ ನಕಲು ಮಾಡದೆ, ತಮ್ಮ ತಿಳಿವಳಿಕೆಯಿಂದ ಬರೆಯಬೇಕೆಂಬುದು ಅಲ್ಲಿನ ನಿಯಮ. ಹೈಸ್ಕೂಲಿನ ಮಕ್ಕಳು ಅಜ್ಜಿಯನ್ನು ಕೇಳಿ ತಮ್ಮ ದಾರಿಯ ಹತ್ತು ಹೆಸರುಗಳನ್ನು ಸರಿಯಾದ ಕನ್ನಡ ಕಾಗುಣಿತದಲ್ಲಿ ಸೇರಿಸಿದರೆ, ಮುಂದಿನ ವರ್ಷ ಅದೇ ದಾರಿ ಹುಡುಕುವ ಇನ್ನೊಂದು ಮನೆಗೆ "ಹೆಸರಿಲ್ಲದ ರಸ್ತೆ" ಎಂಬ ಉತ್ತರ ಬರಲಾರದು.

ಮೇ ತಿಂಗಳ ಪ್ರಶ್ನೆ ಮತ್ತೆ ಅಂಗಳಕ್ಕೆ ಬರುತ್ತದೆ. ಆಗ "ಆ ಮಾರ್ಗ ಬೇಡ" ಎನ್ನುವ ಅಮ್ಮನ ಮಾತನ್ನು ಅಲ್ಲಗಳೆಯಬೇಕಾಗಿಲ್ಲ. ಅದನ್ನೇ ಮೊದಲ ನಿಷೇಧದ ವರ್ತುಲವಾಗಿ ನಕ್ಷೆಯ ಮೇಲೆ ಎಳೆದು, ಉಳಿದ ದಾರಿಗಳನ್ನು ಅಳೆಯಲು ಕುಳಿತುಕೊಳ್ಳಬಹುದು. ಒಂದು ಸಂಜೆಯ ಕೆಲಸ, ಎರಡು ಭಾನುವಾರದ ಸವಾರಿ, ಮೂರು ತುಂಡು ಕಾಗದ. ಮಗು ಯಾವ ಭಾಷೆಯಲ್ಲಿ ಓದಬೇಕೆಂಬುದನ್ನು ತೀರ್ಮಾನಿಸುವ ಮೊದಲು ಪ್ರತಿಯೊಂದು ಮನೆಯೂ ಇಷ್ಟನ್ನು ಮಾಡಿ ನೋಡುವುದು ಒಳ್ಳೆಯದು.